ಪರೀಕ್ಷೆ ಗುಂಪಿನ ಮಾತು ದುದ್ದಕ್ಕೆ ಹೋದದ್ದು

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ಶಿವರಂಜನಿಯ ಡಿಟಿಪಿ ಅಂಗಡಿ ಇದೆ. ಜೆರಾಕ್ಸು, ಆನ್‌ಲೈನ್ ಅರ್ಜಿ, ಬ್ಯಾನರ್ ಡಿಸೈನು ಎಂದು ಬಂದ ಕೆಲಸ ಮಾಡಿಕೊಂಡು, ನಲವತ್ತು ಹತ್ತಿರವಾದರೂ ಮದುವೆಯ ಗೋಜಿಗೆ ಹೋಗದೆ ಆಕೆ ತನ್ನ ಪಾಡಿಗೆ ತಾನಿದ್ದಳು. ಇದ್ದ ಹುಚ್ಚು ಒಂದೇ, ದಿನಪತ್ರಿಕೆಯ ಪದಬಂಧ. ಒಂದು ಮನೆ ಖಾಲಿ ಉಳಿದರೂ ಅವತ್ತಿಡೀ ಗಿರಾಕಿಗಳ ಹೆಸರನ್ನೆಲ್ಲ ತಪ್ಪು ತಪ್ಪಾಗಿ ಟೈಪು ಮಾಡುತ್ತಿದ್ದಳು.

ಇದೇ ಹುಚ್ಚಿನವರು ಜಿಲ್ಲೆಯ ತುಂಬ ಇದ್ದರು. ವಾಟ್ಸಾಪಿನಲ್ಲಿ ಅವರದೊಂದು ಗುಂಪಿತ್ತು. ಹಾಸನದ ನಿವೃತ್ತ ಟೀಚರು ಕಮಲಾಕ್ಷಮ್ಮ ಅದರ ಯಜಮಾನಿಕೆ ನೋಡಿಕೊಳ್ಳುತ್ತಿದ್ದರು. ಅರಕಲಗೂಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ರುದ್ರಯ್ಯ ಒಂದು ಬೆಳಿಗ್ಗೆ, ಉಳಿದವರಿನ್ನೂ ಕಾಫಿ ಕುಡಿಯುವ ಮೊದಲೇ, ಉತ್ತರಗಳನ್ನೆಲ್ಲ ಗುಂಪಿಗೆ ಹಾಕಿಬಿಟ್ಟರು. ಕಮಲಾಕ್ಷಮ್ಮ ಬೈದರು. ರುದ್ರಯ್ಯ ತಮ್ಮ ಕಡೆಯವರನ್ನು ಕಟ್ಟಿಕೊಂಡು ಟೆಲಿಗ್ರಾಂಗೆ ಗುಳೆ ಹೋದರು. ಇವರಿಬ್ಬರ ನಡುವೆ ದುದ್ದ ಎಂಬ ಊರಿನ ಮುದ್ದಮ್ಮ. ಅಂಗನವಾಡಿಯಲ್ಲಿ ದುಡಿದು ನಿವೃತ್ತರಾದ ಅವರ ಹತ್ತಿರ ಇದ್ದದ್ದು ಬಟನ್ ಫೋನು. ಎಸ್ಸೆಮ್ಮೆಸ್ ಬಿಟ್ಟರೆ ಬೇರೆ ದಾರಿಯಿಲ್ಲ.

ಕಷ್ಟದ ಸುಳಿವೊಂದು ಬಂತೆಂದರೆ ಮೂರೂ ಕಡೆಯವರು ಎರಡೂ ಗುಂಪಿನಲ್ಲಿದ್ದ ಶಿವರಂಜನಿಗೇ ಫೋನು ಮಾಡಿ, ಅವರೇನಂದರು, ಇವರೇನಂದರು ಎಂದು ಕೇಳುವರು. ಇಲ್ಲಿಯದನ್ನು ಅಲ್ಲಿಗೆ, ಅಲ್ಲಿಯದನ್ನು ಇಲ್ಲಿಗೆ ಕಳಿಸಿ ಕಳಿಸಿ ಸಾಕಾಗಿ, ಈ ಕೆಲಸವನ್ನು ಕಂಪ್ಯೂಟರೇ ಮಾಡಲಿ ಎಂದು ಅವಳು ಕೂತಳು. ವೀಡಿಯೊ ನೋಡಿ ಕಲಿತ ಪ್ರೋಗ್ರಾಮಿಂಗು, ಅಂಗಡಿಯ ಮೂಲೆಯಲ್ಲಿದ್ದ ಹಳೇ ಕಂಪ್ಯೂಟರು. ಒಂದು ಕಡೆ ಬಂದ ಮೆಸೇಜನ್ನು ಎತ್ತಿಕೊಂಡು, ಬರೆದವರ ಹೆಸರು ಹಚ್ಚಿ, ಇನ್ನೊಂದು ಕಡೆ ಇಟ್ಟು ಬರಬೇಕು. ಅಷ್ಟೇ ಅದರ ಕೆಲಸ.

ಮೊದಲ ದಿನ ಕಮಲಾಕ್ಷಮ್ಮ ಗುಲಾಬಿ ಹೂವಿನ ಶುಭೋದಯ ಹಾಕಿದರು. ಅದು ಟೆಲಿಗ್ರಾಂಗೆ ಹೋಯಿತು. ತಾನೇ ಇಟ್ಟ ಗುಲಾಬಿಯನ್ನು ಕಂಪ್ಯೂಟರು ಹೊಸದೆಂದು ತಿಳಿದು ವಾಟ್ಸಾಪಿಗೆ ವಾಪಸು ತಂದಿತು, ಮತ್ತೆ ಹೊತ್ತುಕೊಂಡು ಹೋಯಿತು. ಅವಳು ಬಂದು ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಎರಡೂ ಕಡೆ ಬರೀ ಗುಲಾಬಿ. ಕಮಲಾಕ್ಷಮ್ಮ ಬೇಕೆಂದೇ ಹಗೆ ತೀರಿಸಿಕೊಳ್ಳುತ್ತಿದ್ದಾರೆ ಎಂದು ರುದ್ರಯ್ಯ ಕೂಗಾಡಿದರು.

ಆಗ ಟೆಲಿಗ್ರಾಂ ಕಡೆಯಿಂದ ಶಶಿಕಿರಣ್ ಎಂಬಾತ ಅವಳಿಗೆ ಬರೆದ. ಚನ್ನರಾಯಪಟ್ಟಣದಲ್ಲಿ ಎಲೆಕ್ಟ್ರಾನಿಕ್ಸ್ ಮೇಷ್ಟ್ರು, ತಾಯಿಯ ಜೊತೆ ಇದ್ದ, ಅವನಿಗೂ ಮದುವೆಯಾಗಿರಲಿಲ್ಲ. ನೀನು ತಂದಿಟ್ಟದ್ದನ್ನು ನೀನೇ ಮತ್ತೆ ಹೊರಬೇಡ ಎಂದು ಆ ಕಂಪ್ಯೂಟರಿಗೆ ಹೇಳಿಕೊಡಿ ಮೇಡಂ ಎಂದ. ಒಂದೇ ಸಾಲು ಸೇರಿಸಿದಳು, ಗುಲಾಬಿ ನಿಂತವು. ಶಿವರಂಜನಿ ಅಂಗಡಿಯಲ್ಲಿ ಒಬ್ಬಳೇ ಕೂತು ನಕ್ಕಳು.

ಇನ್ನು ಮುಂದೆ ಏನೇ ಮಾಡಿದರೂ ಮೊದಲು ತಾವಿಬ್ಬರೇ ನೋಡಿಕೊಳ್ಳೋಣ ಎಂದು ಎರಡೂ ಕಡೆ ಒಂದೊಂದು ಪರೀಕ್ಷೆ ಗುಂಪು ಮಾಡಿಕೊಂಡರು. ಅವನು ಅಲ್ಲಿ ‘ಪರೀಕ್ಷೆ’ ಎಂದು ಬರೆದರೆ ಇವಳಿಗೆ ಇಲ್ಲಿ ಕಾಣಬೇಕು. ಕಂಡಿತು. ಮಾರನೆಯ ದಿನ, ‘ಪರೀಕ್ಷೆ. ಇಲ್ಲಿ ಮಳೆ.’ ಇವಳು, ‘ಪರೀಕ್ಷೆ. ಇಲ್ಲಿ ಬಿಸಿಲು.’ ಆಮೇಲೆ ತಿಂಡಿಗೇನು ಎಂಬುದು ಬಂತು, ಅವನ ತಾಯಿಯ ಮಂಡಿನೋವು ಬಂತು, ಅವಳಿಗೆ ಕನಸಿನಲ್ಲೂ ಪದಬಂಧ ಕಾಣುವುದು ಬಂತು. ಪರೀಕ್ಷಿಸಲು ಏನೂ ಉಳಿದಿರಲಿಲ್ಲ, ಆದರೂ ಆ ಪದ ಬಿಡಲು ಇಬ್ಬರಿಗೂ ಧೈರ್ಯವಿಲ್ಲ. ಫೋನು ಟಿಣ್ ಅಂದರೆ ಸಾಕು, ಗಿರಾಕಿಯ ಆಧಾರ್ ಕಾರ್ಡನ್ನು ಜೆರಾಕ್ಸ್ ಮೆಷಿನ್ನಿಗೆ ಮಗುಚಿ ಹಾಕಿ, ಬಿಳಿ ಹಾಳೆ ತೆಗೆದು ಕೊಡುತ್ತಿದ್ದಳು.

ಈ ಗುಂಗಿನಲ್ಲೇ ಅವಳು ಮುದ್ದಮ್ಮನವರ ಎಸ್ಸೆಮ್ಮೆಸ್ಸನ್ನೂ ಜೋಡಿಸಿದಳು. ಪರೀಕ್ಷೆ ಗುಂಪಿಗೆಂದು ಬರೆದಿದ್ದ ಪ್ರೋಗ್ರಾಮಿನ ಸಾಲುಗಳನ್ನೇ ನಕಲು ಮಾಡಿದವಳು ಒಂದು ಸಾಲು ಬದಲಾಯಿಸುವುದನ್ನು ಮರೆತಳು. ಅವತ್ತಿನಿಂದ ಪದಬಂಧದ ಮಾತಿನ ಜೊತೆಗೆ ಇವರಿಬ್ಬರ ಮಾತೂ ಹೆಸರು ಸಮೇತ ದುದ್ದಕ್ಕೆ ಹೋಗತೊಡಗಿತು.

ಪಾಪ, ಯಾರೋ ಪರೀಕ್ಷೆಗೆ ಓದಿಕೊಳ್ಳುತ್ತಿದ್ದಾರೆ ಎಂದೇ ಮುದ್ದಮ್ಮ ಮೊದಲು ತಿಳಿದರಂತೆ. ಮಂಡಿನೋವಿನ ಮಾತು ಮತ್ತೆ ಬಂದ ಹೊತ್ತಿಗೆ ವಿಷಯ ಅರ್ಥವಾಯಿತು. ಯಾರಿಗೂ ಹೇಳಲಿಲ್ಲ. ಸಂಜೆ ಡೈರಿಗೆ ಹಾಲು ಹಾಕಿ ಬಂದವರೇ ಜಗಲಿ ಮೇಲೆ ಕೂತು, ಫೋನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದರು.

ಒಂದು ಭಾನುವಾರ ಶಶಿಕಿರಣ್ ಬರೆದ: ‘ಪರೀಕ್ಷೆ. ನಿಮ್ಮನ್ನು ಒಂದು ಮಾತು ಕೇಳಬೇಕಿತ್ತು.’

‘ಪರೀಕ್ಷೆ. ಕೇಳಿ.’

ಆಮೇಲೆ ಬಂತು: ‘ಪರೀಕ್ಷೆ. ಶೆಟ್ಟಿಹಳ್ಳಿಯ ಪಾಳು ಚರ್ಚು ಈಗ ಡ್ಯಾಮಿನ ನೀರಲ್ಲಿ ಮುಳುಗಿರುತ್ತಾ?’

ಶಿವರಂಜನಿ ಫೋನನ್ನು ಮೇಜಿನ ಮೇಲೆ ಕುಕ್ಕಿದಳು. ಅತ್ತ ಮುದ್ದಮ್ಮನವರಿಗೂ ತಾಳ್ಮೆ ಹೋಯಿತು. ಅವರು ಕಳಿಸಿದ ಎಸ್ಸೆಮ್ಮೆಸ್ ಪರೀಕ್ಷೆ ಗುಂಪಿಗಲ್ಲ, ನೇರವಾಗಿ ಎರಡೂ ದೊಡ್ಡ ಗುಂಪುಗಳಿಗೆ ಬಂದು ಕೂತಿತು.

“ಚನ್ರಾಯಪಟ್ಟಣದ ಮೇಷ್ಟ್ರೇ, ಚರ್ಚು ಮುಳುಗಿದ್ರೆ ಮುಳುಗ್ಲಿ ಬುಡಪ್ಪ. ಇನ್ನೂ ಎಷ್ಟು ಪರೀಕ್ಷೆ ಬರೀತೀಯ? ಮದ್ವೆ ಆಯ್ತೀಯಾ ಅಂತ ಕೇಳ್ಬುಡು ಅವ್ಳ್ನ. ರಂಜನಿ ಒಪ್ಕತಾಳೆ, ನಾನು ಓದ್ಕಂಡೇ ಬಂದಿವ್ನಿ ಕಣಪ್ಪ.”

ಯಾವ ಚರ್ಚು, ಯಾವ ಪರೀಕ್ಷೆ ಎಂದು ರುದ್ರಯ್ಯ ಕೇಳಿದರು. ಸುಮ್ಮನೆ ನೋಡ್ತಾ ಇರಿ ಎಂದು ಕಮಲಾಕ್ಷಮ್ಮ ಗದರಿದರು. ಶಿವರಂಜನಿ ಕಂಪ್ಯೂಟರಿನ ಪ್ಲಗ್ಗಿಗೆ ಕೈ ಹಾಕಿದ್ದಳು, ಮುಖ ಕೆಂಡ. ಕೀಳಲು ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಎಲ್ಲರೆದುರು ಶಶಿಕಿರಣನ ಮಾತು ಬಂತು: “ಶಿವರಂಜನಿಯವರೇ, ಮುದ್ದಮ್ಮನವರು ಹೇಳಿದ್ದೇ ನಾನು ಕೇಳಬೇಕಿದ್ದದ್ದು. ಏನಂತೀರಿ?”

ಅವಳು ‘ಹೂಂ’ ಎಂದು ಒತ್ತಿ, ಲ್ಯಾಮಿನೇಶನ್ನಿಗೆ ಕಾದಿದ್ದ ಗಿರಾಕಿಯನ್ನು ಅಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿನವರೆಗೆ ನಡೆದಳು. ಹೋಗುವ ಕೆಲಸವೇನೂ ಇರಲಿಲ್ಲ. ಕಾಲು ನಿಲ್ಲುತ್ತಿರಲಿಲ್ಲ, ಅಷ್ಟೇ.

ಮದುವೆ ರಿಜಿಸ್ಟ್ರಾರ್ ಆಫೀಸಿನಲ್ಲಾಯಿತು. ಊಟಕ್ಕೆ ಪದಬಂಧದವರೆಲ್ಲ ಬಂದರು. ಬಹಳ ಮಂದಿ ಒಬ್ಬರ ಮುಖ ಒಬ್ಬರು ನೋಡಿದ್ದೇ ಅವತ್ತು. ಮುದ್ದಮ್ಮನವರ ಅಕ್ಕಪಕ್ಕ ಕಮಲಾಕ್ಷಮ್ಮ, ರುದ್ರಯ್ಯ. ಮುಂದೆ ಏನಾಯಿತು, ಮಂಡಿನೋವಿಗೆ ಏನು ಹಚ್ಚಿದರು ಎಂದು ಇಬ್ಬರೂ ಕೇಳಿದ್ದೇ ಕೇಳಿದ್ದು. ಪಾಯಸ ಎರಡು ಸಲ ಬಂದು ಹೋಯಿತು.

ಶಶಿಕಿರಣ್ ಈಗ ತಾಯಿಯನ್ನು ಕರೆದುಕೊಂಡು ಬಂದು ಹೊಳೆನರಸೀಪುರದಲ್ಲೇ ಇದ್ದಾನೆ, ಚನ್ನರಾಯಪಟ್ಟಣಕ್ಕೆ ದಿನಾ ಬಸ್ಸಿನಲ್ಲಿ ಓಡಾಡುತ್ತಾನೆ. ಸಂಜೆ ಇಬ್ಬರೂ ಅಂಗಡಿ ಮುಂದೆ ಚುರುಮುರಿ ತಿನ್ನುತ್ತ ನಿಂತಿದ್ದನ್ನು ಮೊನ್ನೆ ಬಸ್ಸಿಗೆ ಹೋಗುವಾಗ ನಾನೇ ನೋಡಿದೆ. ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತಿದ್ದರು. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.