ಅಲುಗದ ಎಂಟು ಫೋಟೋಗಳು

ರೀಲು ಹಾಕಿ ಫೋಟೋ ತೆಗೆಯುತ್ತಿದ್ದ ಕಾಲ. ಆ ಬೀದಿಯ ಸ್ಟುಡಿಯೋದವನಿಗೆ ಮಕ್ಕಳಿಟ್ಟ ಹೆಸರು ಮ್ಯಾವ್ ಮಾಮ. ಎಂಥ ಮೊಂಡು ಮಗುವೇ ಬರಲಿ, ತಲೆಗೆ ಟವೆಲು ಹೊದ್ದು, ಗಿಲಕಿ ಆಡಿಸಿ, ಬೆಕ್ಕಿನಂತೆ ಕೂಗಿ ನಗಿಸಿಬಿಡುತ್ತಿದ್ದ. ಆದರೆ ನಗುವ ಮಗು ಕೈಕಾಲು ಬಡಿಯದೆ ಇರುತ್ತದೆಯೇ? ಹತ್ತು ಸಲ ಒತ್ತಿದರೆ ಒಂಬತ್ತರಲ್ಲಿ ಮುಖ ಅಲುಗಿ ಮಸುಕಾಗಿರುತ್ತಿತ್ತು.

ಅವನಿಗೂ ಒಬ್ಬ ಮಗಳು ಹುಟ್ಟಿದಳು. ತಿಂಗಳು ತಿಂಗಳೂ ಹುಟ್ಟಿದ ತಾರೀಕಿಗೆ ಸರಿಯಾಗಿ ಅವಳನ್ನು ಅದೇ ಕುರ್ಚಿಯಲ್ಲಿ ದಿಂಬಿಗೊರಗಿಸಿ ಒಂದು ಫೋಟೋ ತೆಗೆದು, ಸ್ಟುಡಿಯೋದ ಗೋಡೆಗೆ ಸಾಲಾಗಿ ತೂಗುಹಾಕತೊಡಗಿದ. ಎರಡನೆಯ ತಿಂಗಳಿನದರಲ್ಲಿ ಮಗು ಬೊಚ್ಚುಬಾಯಿ ಬಿಟ್ಟು ನಗುತ್ತಿತ್ತು. ಆಮೇಲಿನವಕ್ಕೆ ಅವನು ಕಷ್ಟಪಡಲೇ ಇಲ್ಲ. ಇಟ್ಟಲ್ಲಿ ಇಟ್ಟ ಹಾಗೆ ಇರುತ್ತಿದ್ದಳು. ಒಂದು ಸಲ ಒತ್ತಿದರೆ ಮುಗಿಯಿತು. ಊರ ಮಕ್ಕಳಿಗೆಲ್ಲ ಮ್ಯಾವ್ ಎಂದವನು ಸ್ವಂತ ಮಗಳಿಗೆ ಅಂದಿರಲಿಲ್ಲ. ಬೇಕಾಗಿರಲಿಲ್ಲ.

ಅವನ ತಾಯಿಗೂ ಹೆಮ್ಮೆಯೇ. “ನೀನು ಕೂಸಾಗಿದ್ದಾಗ ಅಕ್ಕಪಕ್ಕದೋರು ಜಗಳಕ್ಕೆ ಬಂದಿದ್ರು ಕಣೋ, ಅಷ್ಟು ಅಳ್ತಿದ್ದೆ. ಇವಳು ಬಂಗಾರ” ಎನ್ನುವಳು. ಸೊಸೆಯ ಕೋಣೆಯ ಕಡೆ ಕಣ್ಣು ಹೊರಳಿಸಿ, “ಊರನ್ನೆಲ್ಲ ನಗಿಸ್ತೀಯ, ಹೆಂಡತಿ ಮುಖ ಮಾತ್ರ ಊದ್ಕೊಂಡೇ ಇರುತ್ತೆ” ಎಂದು ಚುಚ್ಚುವುದನ್ನೂ ಬಿಡಳು.

ಹೆರಿಗೆಯಾಗಿ ಎರಡು ತಿಂಗಳು ತುಂಬುವ ಹೊತ್ತಿಗೆ ಹೆಂಡತಿಯ ಮಾತು ನಿಂತೇಹೋಗಿತ್ತು. ಹಾಲು ಕುಡಿಸುವಳು, ಬಟ್ಟೆ ಬದಲಿಸುವಳು, ಆಮೇಲೆ ಗೋಡೆ ನೋಡುತ್ತ ಕೂರುವಳು. ಏನಾಯಿತೆಂದರೆ “ಸುಸ್ತು” ಎನ್ನುವಳು. ಹೆತ್ತ ಸುಸ್ತು, ತಾನಾಗಿ ಹೋಗುತ್ತದೆ ಎಂದುಕೊಂಡ ಅವನು.

ಎಂಟನೆಯ ಫೋಟೋ ಗೋಡೆಗೇರಿದ ವಾರ, ಆಸ್ಪತ್ರೆಯ ನರ್ಸಮ್ಮ ಗುರುತಿನ ಚೀಟಿಗೆ ಫೋಟೋ ತೆಗೆಸಲು ಬಂದರು. ಕಾಯುತ್ತ ಕೂತವರು ಗೋಡೆ ನೋಡಿದರು.

“ಯಾರ ಮಗು ಅಣ್ಣ?”

“ನಂದೇ ಅಕ್ಕ. ಎಂಟರಲ್ಲಿ ಒಂದಾದ್ರೂ ಅಲುಗಿದೆಯಾ ನೋಡಿ.”

“ಎರಡನೇದರಲ್ಲಿ ನಗ್ತಿದಾಳಲ್ಲ, ಆಮೇಲೆ?”

“ಆಮೇಲೆ ಗಂಭೀರ ಆದಳು. ನಮ್ಮಪ್ಪನ ಥರ.”

ಆಕೆ ನಗಲಿಲ್ಲ. “ಮಗು ತಾಯಿ ಹೇಗಿದ್ದಾರೆ?”

ಚೆನ್ನಾಗಿದ್ದಾಳೆ ಎನ್ನಲು ಬಾಯಿ ತೆರೆದ. “ಸುಸ್ತು ಅಂತಾಳೆ, ಗೋಡೆ ನೋಡ್ತಾ ಕೂರ್ತಾಳೆ” ಎಂಬುದಷ್ಟೇ ಹೊರಟಿತು.

“ಮಗು ಆ ಅಂದ್ರೆ ಎದುರಿಗಿರೋರು ಊ ಅನ್ನಬೇಕು, ಅಣ್ಣ. ನಕ್ಕರೆ ನಗಬೇಕು. ಆ ಕೊಡೋದು ತಗೊಳ್ಳೋದ್ರಲ್ಲೇ ಮಿದುಳು ಬೆಳೆಯೋದು. ಹೆತ್ತ ಮೇಲೆ ಕೆಲವರಿಗೆ ಮನಸ್ಸು ಕುಸಿದುಬಿಡುತ್ತೆ. ಸೊಕ್ಕೂ ಅಲ್ಲ, ಸೋಮಾರಿತನಾನೂ ಅಲ್ಲ, ಜ್ವರದ ಹಾಗೆ ಒಂದು ಕಾಯಿಲೆ. ಔಷಧಿ ಇದೆ. ನಾಳೇನೇ ಇಬ್ಬರನ್ನೂ ಕರ್ಕೊಂಡ್ ಬನ್ನಿ.”

ಆಕೆ ಹೋದ ಮೇಲೆ ಅಂಗಡಿಯ ಬಾಗಿಲನ್ನೂ ಎಳೆಯದೆ ಮಹಡಿಯ ಮನೆಗೆ ಹತ್ತಿದ. ಹೆಂಡತಿ ತೊಟ್ಟಿಲ ಪಕ್ಕ ನೆಲದ ಮೇಲೆ ಕೂತಿದ್ದಳು. ನರ್ಸಮ್ಮ ಅಂದದ್ದನ್ನು ಹೇಳಿದ.

“ನಂಗೆ ಗೊತ್ತಿತ್ತು ರೀ” ಎಂದಳು. “ನನ್ನ ನೋಡಿ ನಗೋಳು. ನನ್ನ ಮುಖಕ್ಕೆ ಏನೂ ಬರ್ತಿರಲಿಲ್ಲ. ಮತ್ತೆ ನಗೋಳು. ಆಮೇಲೆ ಬಿಟ್ಟುಬಿಟ್ಟಳು.”

“ನಂಗ್ಯಾಕೆ ಹೇಳಲಿಲ್ಲ?”

“ಹೇಗೆ ಹೇಳಲಿ? ಮಗು ಬಂಗಾರ ಅಂತ ಎಲ್ಲಾರೂ ಖುಷಿಯಾಗಿದ್ರಲ್ಲ.”

ಅವನು ತೊಟ್ಟಿಲ ಮುಂದೆ ಮಂಡಿಯೂರಿ ಮ್ಯಾವ್ ಎಂದ. ಮಗು ಒಂದು ಕ್ಷಣ ಅವನ ಮುಖ ನೋಡಿ, ಕಿಟಕಿಯ ಬೆಳಕಿನ ಕಡೆ ತಿರುಗಿಕೊಂಡಿತು. ಮತ್ತೆ ಕೂಗಿದ. ಮತ್ತೆ ಕೂಗಿದ. ಸಾವಿರ ಮಕ್ಕಳನ್ನು ನಗಿಸಿದ ಗಂಟಲು ಅಂದು ಒಡೆದುಹೋಯಿತು.

ಹೆಂಡತಿ ವರ್ಷದೊಳಗೆ ಚೇತರಿಸಿಕೊಂಡಳು. ಅತ್ತೆ ಬಾಯಿಬಿಟ್ಟು ತಪ್ಪಾಯಿತು ಎನ್ನಲಿಲ್ಲ. ಆಸ್ಪತ್ರೆಗೆ ಹೋಗುವ ದಿನ ಸೊಸೆಯ ಚಪ್ಪಲಿಯನ್ನು ತಾನೇ ಬಾಗಿಲ ಬಳಿ ತಂದಿಡುತ್ತಿದ್ದಳು. ಮಗಳಿಗೆ ಮೂರು ವರ್ಷ ತುಂಬಿದಾಗ ಇದ್ದದ್ದು ಹತ್ತೋ ಹನ್ನೆರಡೋ ಮಾತು. ಕರೆದರೆ ಮೂರನೆಯ ಸಲಕ್ಕೆ ತಿರುಗುವಳು. “ಇದೊಂದರಿಂದಲೇ ಹೀಗಾಯ್ತು ಅಂತ ನಾನು ಹೇಳಲಾರೆ” ಎಂದರು ಡಾಕ್ಟರಮ್ಮ. “ಅವಳು ಕಲೀತಾಳೆ. ಆದ್ರೆ ಮೊದಲ ತಿಂಗಳುಗಳಲ್ಲಿ ಮಿದುಳು ಬೆಳೆಯೋ ವೇಗ ಆಮೇಲೆ ಸಿಗಲ್ಲ. ಮಾತಾಡಿಸ್ತಾ ಇರಿ, ಬಿಡಬೇಡಿ.”

ಅವರು ಬಿಡಲಿಲ್ಲ. ಒಂದು ಮಧ್ಯಾಹ್ನ ಅದೇ ಕುರ್ಚಿಯಲ್ಲಿ, ಅಪ್ಪನ ಮ್ಯಾವ್‌ಗೆ ಮಗಳು ಕತ್ತು ಕೊಂಕಿಸಿ, ಕೈ ಬೀಸಿದಳು. ಫೋಟೋ ಪೂರ್ತಿ ಮಸುಕಾಗಿ ಬಂತು. ಅವನು ಅದಕ್ಕೆ ಚೌಕಟ್ಟು ಕಟ್ಟಿಸಿ ತಂದು, ಹಳೆಯ ಎಂಟನ್ನೂ ಗೋಡೆಯಿಂದ ಇಳಿಸಲು ಸ್ಟೂಲು ಹತ್ತಿದ.

“ಇಳಿಸಬೇಡಿ” ಎಂದಳು ಹೆಂಡತಿ. “ಅಷ್ಟು ದಿನ ಅವಳು ನಂಗೋಸ್ಕರ ಕಾದಿದ್ದಾಳೆ.”

ಎರಡನೆಯ ತಿಂಗಳ ಫೋಟೋದ ಗಾಜನ್ನು ಅಂಗೈಯಿಂದ ಒರೆಸಿದಳು. ಅದರೊಳಗಿನ ಕೂಸು ಇನ್ನೂ ಬೊಚ್ಚುಬಾಯಿ ಬಿಟ್ಟು ಅವಳನ್ನೇ ನೋಡುತ್ತಿತ್ತು. ಅವಳು ಅದಕ್ಕೆ ತಿರುಗಿ ನಕ್ಕಳು, ಮೂರು ವರ್ಷ ತಡವಾಗಿ.