ಎರಡು ಗೋಲಿನ ಅಂತರ

ಹಲ್ಲಕ್ಕನ ಹೊಟ್ಟೆಪಾಡಿನ ಕೆಲಸ ಹಲ್ಲು ಕಟ್ಟುವುದು. ಹಲ್ಲಿನ ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಕಿಟಕಿ ಪಕ್ಕದ ಮೇಜಿನ ಮುಂದೆ ಕೂತು ಆಕೆ ಆ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ವಸಡು ಮಾಡಿ, ಒಂದೊಂದೇ ಹಲ್ಲು ಕೂರಿಸುತ್ತಾಳೆ. ಮೇಲಿನ ಸಾಲು ಕೆಳಗಿನ ಸಾಲನ್ನು ಎಲ್ಲೆಲ್ಲಿ ಮುಟ್ಟುತ್ತದೆಂದು ನೋಡಲು ನಡುವೆ ತೆಳ್ಳನೆಯ ಬಣ್ಣದ ಕಾಗದ ಇಟ್ಟು ಒತ್ತುತ್ತಾಳೆ. ಒಂದೇ ಕಡೆ ಬಣ್ಣ ದಟ್ಟವಾಗಿ ಹತ್ತಿದರೆ ಅಲ್ಲಿ ಭಾರ ಹೆಚ್ಚಾಗಿದೆ ಎಂದರ್ಥ, ಕೂದಲೆಳೆಯಷ್ಟು ಉಜ್ಜಬೇಕು. “ಒಂದೇ ಹಲ್ಲು ಎಲ್ಲಾ ಭಾರ ಹೊತ್ರೆ, ಮೊದಲು ಮುರಿಯೋದೂ ಅದೇ,” ಎನ್ನುತ್ತಾಳೆ.

ಹಲ್ಲಕ್ಕ ಎಂದು ಹೆಸರಿಟ್ಟವರು ಮಕ್ಕಳು. ಸಾರ್ವಜನಿಕ ಮೈದಾನದಲ್ಲಿ ಫುಟ್‌ಬಾಲ್ ಆಡುವ ಮಕ್ಕಳಲ್ಲಿ ಮೂರು ಗುಂಪು; ಶನಿವಾರ ಬೆಳಗ್ಗೆ ಆಡುವ ನಡುವಿನ ಗುಂಪನ್ನು ನಡೆಸುವವಳು ಈಕೆ. ಕೆಳಗಿನ ಗುಂಪಿನ ಪುಟಾಣಿಗಳು ಚೆಂಡು ಹೋದಲ್ಲೆಲ್ಲ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತುತ್ತಾರೆ. ಮೇಲಿನದು ಸ್ಪರ್ಧೆಗೆ ಹೋಗುವ ತಂಡ; ಅದಕ್ಕೆ ಸಂಬಳದ ಕೋಚ್ ಇದ್ದಾರೆ, ಬೆನ್ನ ಮೇಲೆ ನಂಬರಿರುವ ಕೆಂಪು ಅಂಗಿಗಳಿವೆ. ನಡುವಿನವರಿಗೆ ಚೆಂಡು ನಿಲ್ಲಿಸಲು, ತಲೆಯೆತ್ತಿ ನೋಡಲು, ಪಾಸ್ ಕೊಡಲು ಬರುತ್ತದೆ. ಕಪ್ ಗೆಲ್ಲುವ ಹಟ ಮಾತ್ರ ಇಲ್ಲ. ಹಲ್ಲಕ್ಕನ ಅತ್ತೆ ಇವರನ್ನು ದೋರೆಗಾಯಿಗಳು ಎನ್ನುತ್ತಾರೆ. ಕಾಯಿಯೂ ಅಲ್ಲ, ಹಣ್ಣೂ ಅಲ್ಲ.

ಆಕೆ ಇದಕ್ಕೆ ಸೇರಿದ್ದು ಮಗಳ ದೆಸೆಯಿಂದ. ಅಭ್ಯಾಸ ಎಷ್ಟು ಹೊತ್ತಿಗೆ ಎಂದು ಕೇಳಲು ಹೋದವಳ ಕೈಗೆ ಚೆಂಡಿನ ಕೋಣೆಯ ಬೀಗದ ಕೈ ಕೊಟ್ಟು, ಹಿಂದೆ ನಡೆಸುತ್ತಿದ್ದವರು ಬೇರೆ ಊರಿಗೆ ಹೊರಟುಬಿಟ್ಟರು. ಮಗಳು ದೊಡ್ಡವಳಾಗಿ ಚೆಂಡು ಬಿಟ್ಟು ಕೊಳಲು ಹಿಡಿದಳು. ಬೀಗದ ಕೈ ಅಮ್ಮನಲ್ಲೇ ಉಳಿಯಿತು. ಆಕೆ ಒಂದು ದಿನವೂ ಆಟಗಾರ್ತಿಯಾಗಿದ್ದವಳಲ್ಲ; ಅದನ್ನು ಮುಚ್ಚಿಡುವುದೂ ಇಲ್ಲ. “ನಾನು ಒದ್ರೆ ಚೆಂಡಿಗಿಂತ ಚಪ್ಪಲಿ ದೂರ ಹೋಗುತ್ತೆ,” ಎನ್ನುತ್ತಾಳೆ. ಯಾರ ಮಗುವಿಗೆ ಯಾರ ಸ್ಕೂಟರಿನಲ್ಲಿ ಜಾಗವಿದೆ, ಯಾರ ಮೊಣಕಾಲು ಇನ್ನೂ ವಾಸಿಯಾಗಿಲ್ಲ, ಯಾವ ಇಬ್ಬರನ್ನು ಒಂದೇ ತಂಡಕ್ಕೆ ಹಾಕಿದರೆ ಬರೀ ಹರಟೆಯಾಗುತ್ತದೆ, ಇವೆಲ್ಲ ಆಕೆಗೆ ಬಾಯಿಪಾಠ.

ಶುರುವಿನ ದಿನಗಳಲ್ಲಿ ಹನ್ನೊಂದಕ್ಕೆ ಸೊನ್ನೆ ಎಂಬಂಥ ಆಟಗಳಾಗುತ್ತಿದ್ದವು. ಸೋತವರು ಮುಂದಿನ ವಾರ ಬರುತ್ತಿರಲಿಲ್ಲ, ಗೆದ್ದವರಿಗೂ ಬೇಸರ. ಆಗ ಆಕೆ ಒಂದು ನಿಯಮ ಮಾಡಿದಳು. ಅಂತರ ಎರಡು ಗೋಲಾದ ತಕ್ಷಣ, ಕೊನೆಯ ಗೋಲು ಹೊಡೆದವರು ಎದುರು ತಂಡಕ್ಕೆ ಹೋಗಬೇಕು. ಅಲ್ಲಿಂದ ಒಬ್ಬರು ಇಲ್ಲಿಗೆ ಬರಬೇಕು. ಅಂಗಿಯ ಮೇಲೆ ಹಾಕಿದ ಬಣ್ಣದ ಬನಿಯನ್ ಬದಲಿಸಿಕೊಂಡರೆ ಮುಗಿಯಿತು. ಮೊದಮೊದಲು ಮಕ್ಕಳು ಗೊಣಗಿದರು. ಆಮೇಲೆ, ಈಗ ಎದುರಾಳಿಯಾದವನು ಇನ್ನು ಹತ್ತು ನಿಮಿಷಕ್ಕೆ ತನ್ನ ಪಕ್ಕದಲ್ಲೇ ಇರಬಹುದೆಂದು ತಿಳಿದು, ಎಲ್ಲರೂ ಎಲ್ಲರ ಕಾಲನ್ನೂ ಗಮನಿಸತೊಡಗಿದರು. ಯಾರ ಜೊತೆ ಹಾಕಿದರೂ ಆಡುವುದು ಅಭ್ಯಾಸವಾಯಿತು.

ಈ ವರ್ಷ ಮೈದಾನದ ಮೇಲ್ವಿಚಾರಕರು ಆಕೆಯನ್ನು ಕಚೇರಿಗೆ ಕರೆಸಿದರು. ಕೋಚ್ ಆಗಲೇ ಅಲ್ಲಿ ಕೂತಿದ್ದರು.

“ನೋಡಮ್ಮಾ, ಇವರು ಶನಿವಾರ ಬೆಳಗ್ಗೆ ಸಮಯ ಕೇಳ್ತಿದಾರೆ. ಇವರ ಎರಡನೇ ತಂಡಕ್ಕೆ ಅಭ್ಯಾಸ ಸಾಲ್ತಿಲ್ವಂತೆ.”

“ಹಾಗಾದ್ರೆ ನಮ್ಮ ಮಕ್ಕಳು?”

“ಚೆನ್ನಾಗಿ ಆಡೋರು ನಾಲ್ಕು ಜನ ನನ್ನ ಹತ್ರ ಬರ್ಲಿ,” ಎಂದರು ಕೋಚ್. “ಉಳಿದವರು ಪುಟಾಣಿಗಳ ಜೊತೆ ಆಡ್ಕೊಳ್ಲಿ. ತಪ್ಪು ತಿಳ್ಕೋಬೇಡಿ ಅಕ್ಕಾ, ನಿಮ್ಮಲ್ಲಿ ನಡೆಯೋದು ಕಾಲಹರಣ.”

“ಕಾಲಹರಣಾನೇ ಸರ್. ಆದ್ರೆ ನಮ್ಮಲ್ಲಿ ಎಲ್ಲರ ಕಾಲೂ ಓಡುತ್ತೆ. ನಿಮ್ಮಲ್ಲಿ ಅರ್ಧ ಜನ ಬೆಂಚು ಬಿಸಿ ಮಾಡ್ತಿರ್ತಾರೆ.”

ಮೇಲ್ವಿಚಾರಕರು ಶಾಂತಿಪ್ರಿಯರು. ಇಬ್ಬರ ಮುಖವನ್ನೂ ನೋಡಿ, “ಒಂದು ಪಂದ್ಯ ಆಡಿಬಿಡಿ,” ಎಂದರು. “ನಿಮ್ಮ ಮಕ್ಕಳು, ಇವರ ಎರಡನೇ ತಂಡ. ಗೆದ್ದವರಿಗೆ ಶನಿವಾರ.”

“ಆಗಲಿ,” ಎಂದಳು ಹಲ್ಲಕ್ಕ. ಕೋಚ್‌ಗೆ ನಗು ಬಂತು.

ಮನೆಯಲ್ಲಿ ಅತ್ತೆಗೆ ನಗು ಬರಲಿಲ್ಲ. “ಇದ್ದದ್ದನ್ನ ಪಣಕ್ಕಿಟ್ಟು ಬಂದ್ಯಲ್ಲ, ಬುದ್ಧಿ ಎಲ್ಲಿಟ್ಟಿದ್ದೆ?”

“ನಮ್ಮವರು ಚೆನ್ನಾಗಿ ಆಡ್ತಾರೆ ಅತ್ತೆ.”

“ಹೆತ್ತವರಿಗೆ ಹೆಗ್ಗಣ ಮುದ್ದು.”

“ನೀವೇ ಬಂದು ನೋಡಿ.”

ಅತ್ತೆ ಮಡಚುವ ಕುರ್ಚಿ ಸಮೇತ ಬಂದರು. ತಂಡಕ್ಕೆ ಏಳು ಮಂದಿ. ಕೆಂಪು ಅಂಗಿಯವರು ಎತ್ತರದವರು, ಬಲವಾಗಿ ಒದೆಯುವವರು. ಆದರೆ ಚೆಂಡು ಸಿಕ್ಕವರೆಲ್ಲ ಮೊದಲು ಕೋಚ್ ಕಡೆ ನೋಡುತ್ತಿದ್ದರು. ಅಷ್ಟರೊಳಗೆ ಹಳದಿ ಬನಿಯನ್‌ನ ದೋರೆಗಾಯಿಗಳು ಮೂರು ಪಾಸ್ ಮುಗಿಸಿರುತ್ತಿದ್ದರು. ಮೊದಲ ಗೋಲನ್ನು ಕನ್ನಡಕದ ಹುಡುಗನೊಬ್ಬ ಹೊಡೆದ. ವಿರಾಮಕ್ಕೆ ಸ್ವಲ್ಪ ಮುಂಚೆ ಎರಡನೆಯದನ್ನು ಹೊಡೆದವಳು ಮಿಂಚುಳ್ಳಿ. ಗುಂಪಿನಲ್ಲಿ ಎಲ್ಲರಿಗಿಂತ ಚುರುಕಿನ ಈ ಹುಡುಗಿಗೆ, ನಿಂತಲ್ಲೇ ನಿಂತಿದ್ದು ಫಕ್ಕನೆ ಎರಗುತ್ತಾಳೆಂದು ಆ ಹೆಸರು.

ಹಳದಿಯವರು ಕುಣಿದರು. ಅತ್ತೆ ಕುರ್ಚಿಯಿಂದ ಎದ್ದೇಬಿಟ್ಟರು. ಮಿಂಚುಳ್ಳಿ ಬೆವರು ಒರೆಸಿಕೊಂಡು, ಹಳದಿ ಬನಿಯನ್ ಕಳಚಿ ಕೈಯಲ್ಲಿ ಹಿಡಿದು, ನಡುಗೆರೆ ದಾಟಿ ಕೆಂಪು ತಂಡದ ನಡುವೆ ಹೋಗಿ ನಿಂತಳು.

ಸೀಟಿ ಊದುತ್ತಿದ್ದ ಮೇಲ್ವಿಚಾರಕರು ಕೇಳಿದರು, “ಎಲ್ಲಿಗೆ ಹೋಗ್ತಿದೀಯಮ್ಮಾ?”

“ಎರಡಾಯ್ತಲ್ಲ ಅಂಕಲ್.”

“ಎರಡಾದ್ರೆ?”

“ನಾನು ಈ ಕಡೆ. ಇವರಲ್ಲೊಬ್ರು ಆ ಕಡೆ.” ಕೆಂಪು ತಂಡದ ಕಡೆ ತಿರುಗಿ, “ಯಾರು ಹೋಗ್ತೀರಾ? ಬೇಗ ಹೇಳಿ,” ಎಂದು ಬನಿಯನ್ ಚಾಚಿದಳು.

ಇಂದಿನ ಪಂದ್ಯಕ್ಕೆ ಆ ನಿಯಮವಿಲ್ಲ ಎಂದು ಮಕ್ಕಳಿಗೆ ಹೇಳಬೇಕೆಂದು ಹಲ್ಲಕ್ಕನಿಗೇ ಹೊಳೆದಿರಲಿಲ್ಲ. ನಿಯಮವಿಲ್ಲದ ಆಟವನ್ನು ಆ ಮಕ್ಕಳು ಆಡಿಯೇ ಇರಲಿಲ್ಲ. ಹಳದಿಯವರಲ್ಲಿ ಒಬ್ಬರೂ ಅವಳನ್ನು ತಡೆಯಲಿಲ್ಲ. ಬರುವವರಿಗಾಗಿ ಜಾಗ ಬಿಟ್ಟು ನಿಂತಿದ್ದರು.

“ವಾಪಸ್ ಕರಿಯೇ ಅವಳನ್ನ,” ಎಂದರು ಅತ್ತೆ.

ಒಂದು ಕೂಗು ಸಾಕಿತ್ತು. ಹಲ್ಲಕ್ಕ ಕೂಗಲಿಲ್ಲ. “ನಿಯಮ ಮಾಡಿದ್ದು ನಾನೇ ಅತ್ತೆ. ನನಗೆ ಕಷ್ಟ ಬಂದ ದಿನ ತೆಗೆದು ಹಾಕಿದ್ರೆ, ಆರು ವರ್ಷ ಹೇಳಿದ್ದೆಲ್ಲ ನೀರಲ್ಲಿ ಹೋಮ.”

“ಶನಿವಾರ ಹೋಗುತ್ತೆ.”

“ಹೋಗ್ಬಹುದು. ಆಡ್ಲಿ.”

ಮೇಲ್ವಿಚಾರಕರು ಕೋಚ್ ಮುಖ ನೋಡಿದರು. “ಬರ್ಲಿ ಬಿಡಿ,” ಎಂದರು ಕೋಚ್. “ಬಂದ ಲಕ್ಷ್ಮೀನ ಯಾರು ಬೇಡ ಅಂತಾರೆ?” ಕಂಬ ಎಂದು ಕರೆಸಿಕೊಳ್ಳುವ ತಮ್ಮ ಎತ್ತರದ ಹುಡುಗನೊಬ್ಬನನ್ನು ಆಚೆ ತಳ್ಳಿದರು. ಹಳದಿ ಬನಿಯನ್ ಅವನ ಹೊಕ್ಕಳಿನವರೆಗೂ ಬರಲಿಲ್ಲ.

ವಿರಾಮದ ನಂತರ ಮಿಂಚುಳ್ಳಿ ತನ್ನವರ ವಿರುದ್ಧ ಎರಡು ಗೋಲು ಹೊಡೆದಳು, ಎಳ್ಳಷ್ಟೂ ಸಂಕೋಚವಿಲ್ಲದೆ. ಅತ್ತೆ ಅವಳನ್ನು ವಿಭೀಷಣ ಎಂದರು. ಮೂರನೆಯದನ್ನು ಕೆಂಪು ತಂಡದ ನಾಯಕ ಹೊಡೆದ, ನಾಲ್ಕನೆಯದೂ ಅವನದೇ. ಈಗ ಕೆಂಪಿಗೆ ನಾಲ್ಕು, ಹಳದಿಗೆ ಎರಡು.

ನಾಯಕ ಅಂಗಿ ಕಳಚತೊಡಗಿದ.

“ಏಯ್, ಏನೋ ಮಾಡ್ತಿದೀಯ?” ಎಂದರು ಕೋಚ್.

“ಎರಡಾಯ್ತು ಸರ್. ನಾನು ಹೋಗ್ಬೇಕು.”

“ಅದು ಅವರ ನಿಯಮ ಕಣೋ.”

“ಅವಳು ಬಂದಾಗ ನೀವು ಒಪ್ಕೊಂಡ್ರಲ್ಲ ಸರ್.”

ಕೋಚ್ ತೀರ್ಪಿಗೆಂದು ತಿರುಗಿ ನೋಡಿದರು. ಮೇಲ್ವಿಚಾರಕರು ಸೀಟಿಯನ್ನು ಬಾಯಲ್ಲಿಟ್ಟುಕೊಂಡು ಆಕಾಶ ನೋಡುತ್ತಿದ್ದರು. ನಾಯಕ ಹಳದಿಗೆ ಹೋದ. ಅಲ್ಲಿಂದ ಕನ್ನಡಕದವನು ಕೆಂಪಿಗೆ ಬಂದ. ಕೊನೆಯ ಹತ್ತು ನಿಮಿಷ ಯಾರೂ ಗೆರೆಯಾಚೆ ನಿಂತ ಕೋಚ್ ಕಡೆ ನೋಡಲಿಲ್ಲ, ನೋಡಲು ಪುರುಸೊತ್ತಿರಲಿಲ್ಲ. ಕಂಬ ಒಂದು ಗೋಲು ಹೊಡೆದ, ಈ ವರ್ಷದ ಅವನ ಮೊದಲ ಗೋಲು. ನಾಲ್ಕು–ಮೂರಕ್ಕೆ ಆಟ ಮುಗಿಯಿತು.

“ಯಾರು ಗೆದ್ದ ಹಾಗಾಯ್ತು ಈಗ?” ಎಂದು ಮೇಲ್ವಿಚಾರಕರು ತಲೆ ಕೆರೆದುಕೊಂಡರು. “ಇವರ ಗೋಲು ಅವರದು, ಅವರ ಗೋಲು ಇವರದು.”

“ಕೆಂಪು ಗೆದ್ದಿದೆ,” ಎಂದಳು ಹಲ್ಲಕ್ಕ. “ಶನಿವಾರ ಇವರದು. ಅದರಲ್ಲಿ ಚೌಕಾಸಿ ಇಲ್ಲ.”

ಕೋಚ್ ಉತ್ತರಿಸುವ ಮೊದಲೇ ಅವರ ಹುಡುಗರು ಸುತ್ತ ನಿಂತಿದ್ದರು. “ಸರ್, ಮುಂದಿನ ವಾರಾನೂ ಇವರ ಜೊತೆನೇನಾ?” ಕಂಬ ಬನಿಯನ್ ಇನ್ನೂ ಕಳಚಿರಲಿಲ್ಲ.

ಹಲ್ಲಕ್ಕ ಅವರನ್ನು ನೋಡಿದಳು, ಆಮೇಲೆ ಕೋಚ್ ಕಡೆ ತಿರುಗಿದಳು. “ಸರ್, ನೇರವಾಗಿ ಕೇಳ್ತೀನಿ. ನಿಮಗೆ ಬೇಕಾಗಿರೋದು ಬೆಂಚಿನ ಮೇಲಿರೋ ಮಕ್ಕಳಿಗೆ ಆಟ. ಸಮಯ ನಿಮ್ಮದೇ ಇರ್ಲಿ. ಆ ಮಕ್ಕಳನ್ನ ನಮ್ಮವರ ಜೊತೆ ಬಿಡಿ. ಎಲ್ಲರನ್ನೂ ನಾನು ಆಡಿಸ್ತೀನಿ. ನಿಮಗೆ ಶನಿವಾರ ಒಂದು ದಿನ ನಿದ್ದೆ.”

“ಸೋತವರು ಷರತ್ತು ಹಾಕೋದನ್ನ ಇವತ್ತೇ ನೋಡಿದ್ದು,” ಎಂದರು ಕೋಚ್.

“ಷರತ್ತಲ್ಲ ಸರ್, ಲೆಕ್ಕಾಚಾರ. ಕಂಬನಿಂದ ನೀವು ಗೋಲು ಹೊಡೆಸಿದ್ದು ಯಾವಾಗ?”

ಕೋಚ್ ಕಂಬನನ್ನು ನೋಡಿದರು. “ನಿದ್ದೆ ಬೇಡ. ನಾನೂ ಬಂದು ನಿಲ್ತೀನಿ.”

“ಧಾರಾಳವಾಗಿ ಬನ್ನಿ. ಕೂಗೋ ಹಾಗಿಲ್ಲ ಅಷ್ಟೇ.”

ಇಬ್ಬರಲ್ಲಿ ಯಾರಾದರೂ ಮನಸ್ಸು ಬದಲಿಸುವ ಮೊದಲೇ, ಮೇಲ್ವಿಚಾರಕರು ಆಗಬಹುದು ಎಂದು ಹೇಳಿ ಕಚೇರಿಗೆ ನಡೆದರು.

ಮುಂದಿನ ಶನಿವಾರ ಮೈದಾನದ ತುಂಬ ಮಕ್ಕಳು. ಕೆಂಪು ಅಂಗಿಯವರು ಒಂದು ಗುಂಪಾಗಿ, ಉಳಿದವರು ಇನ್ನೊಂದು ಗುಂಪಾಗಿ ನಿಂತಿದ್ದರು. ಯಾರು ಎಲ್ಲಿಂದ ಬಂದವರೆಂದು ಹಲ್ಲಕ್ಕ ಕೇಳಲಿಲ್ಲ. ತಂಡ ಮಾಡುವ ಮೊದಲು ಒಂದನ್ನಷ್ಟೇ ತಿಳಿಯಬೇಕಿತ್ತು.

“ಎಡಗಾಲಲ್ಲಿ ಒದೆಯೋರು ಯಾರ್ಯಾರು? ಕೈ ಎತ್ತಿ.”

ಮೂರು ಕೈ ಮೇಲೆದ್ದವು. ಅದರಲ್ಲೊಂದು ಎಲ್ಲರಿಗಿಂತ ಎತ್ತರದಲ್ಲಿತ್ತು.

“ನೀನು ಎಡಗಾಲಿನವನಾ?” ಎಂದರು ಗೆರೆಯಾಚೆ ನಿಂತಿದ್ದ ಕೋಚ್.

“ಹೌದು ಸರ್,” ಎಂದ ಕಂಬ.

“ಸರ್, ಮಾತು ಆಮೇಲೆ,” ಎಂದು ಹಲ್ಲಕ್ಕ ಮೂವರನ್ನೂ ಮೂರು ತಂಡಕ್ಕೆ ಹಂಚಿದಳು.