ವಾಸನೆ ನಮ್ಮ ಮನೆಯದು

ಅವತ್ತು ಸಂಜೆ ಮಾಂಸ ಬೇಯುತ್ತಿದ್ದದ್ದು ನಮ್ಮ ಮನೆಯಲ್ಲಿ. ಪಕ್ಕದ ಶಮೀಮಕ್ಕನ ಮನೆಯಲ್ಲಲ್ಲ. ಮನೆ ಮಾಲೀಕರಾದ ಗೌಡರಿಗೆ ಸುಳ್ಳು ಹೇಳಿದವಳು ನಾನು. ಆ ಒಂದು ಸುಳ್ಳಿನಿಂದ ಅವಳ ಸಂಸಾರ ಸಿಂಧನೂರು ಬಿಟ್ಟು ಹೋಯಿತು. ಇಷ್ಟನ್ನು ಹೇಳಲು ನನಗೆ ಇಷ್ಟು ವರ್ಷ ಯಾಕೆ ಬೇಕಾಯಿತೋ — ನೆನೆಸಿಕೊಂಡರೆ ನನ್ನ ಮೇಲೆ ನನಗೇ ರೇಗುತ್ತದೆ.

ನಾನು ಬಸ್ಸಿನ ಕಂಡಕ್ಟರ್. ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರು, ಅಲ್ಲಿಂದ ಮರಳಿ ಸಿಂಧನೂರು. ದಿನವಿಡೀ ಜನರ ನಡುವೆ ನುಗ್ಗಿ, ಬಾಗಿಲಿಗೆ ಜೋತುಬಿದ್ದವರನ್ನು ಒಳಗೆ ಕರೆದು, ಚಿಲ್ಲರೆಗಾಗಿ ಜಗಳವಾಡಿ ಮನೆಗೆ ಬಂದರೆ ಅಲ್ಲಿ ಇನ್ನೊಂದು ಪ್ರಶ್ನೆ ಕಾದಿರುತ್ತದೆ: ರಾತ್ರಿಗೆ ಏನು? ನನ್ನ ಗಂಡ ಅಕ್ಕಿ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್. ಅವನಿಗಿಂತ ನಾನು ತಡವಾಗಿ ಬರುತ್ತೇನೆ. ಆದರೂ ಆ ಪ್ರಶ್ನೆ ಕೇಳುವವನು ಅವನು, ಉತ್ತರ ಕೊಡಬೇಕಾದವಳು ನಾನು.

ನಾವು ಗುರುಗುಂಟಾ ಕಡೆಯವರು. ಊರಲ್ಲಿ ನಮ್ಮ ಮನೆಗಳು ಕೇರಿಯಲ್ಲಿವೆ. ಸಿಂಧನೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತ ತಿರುಗಿದಾಗ ಎಲ್ಲರೂ ಮೊದಲು ಕೇಳಿದ್ದು ಜಾತಿಯನ್ನೇ — ಯಾವ ಪೈಕಿ? ನಿಜ ಹೇಳಿದಲ್ಲೆಲ್ಲ ಮನೆ ಇದ್ದಕ್ಕಿದ್ದಂತೆ ಬೇರೆಯವರಿಗೆ ಮಾತಾಗಿಬಿಡುತ್ತಿತ್ತು. ಕೊನೆಗೆ ಈ ಗೌಡರು ಕೇಳಿದಾಗ ನನ್ನ ಗಂಡ, “ನಿಮ್ಮ ಪೈಕೀನ ಅನ್ರಿ” ಎಂದುಬಿಟ್ಟ. ನಾನು ತಲೆ ತಗ್ಗಿಸಿದೆ. ದ್ಯಾವಮ್ಮ ಆಗಿದ್ದವಳು ಅವತ್ತಿನಿಂದ ದೇವಿಕಾ ಆದೆ. ಗೌಡರದು ಒಂದೇ ನಿಯಮ — ಮನೆಯಲ್ಲಿ ಮಾಂಸ ಬೇಯಿಸಬಾರದು.

ಗೌಡರು ಮೇಲಿನ ಮನೆಯಲ್ಲಿ. ಕೆಳಗೆ ಎರಡು ಮನೆ, ನಡುವೆ ಒಂದೇ ಗೋಡೆ. ಒಂದರಲ್ಲಿ ನಾವು, ಇನ್ನೊಂದರಲ್ಲಿ ಶಮೀಮಕ್ಕ, ಅವಳ ಗಂಡ ಖಾಜಾಸಾಬ, ಮಗಳು. ಖಾಜಾಸಾಬ ಗ್ಯಾರೇಜಿಗೆ ಹೋಗುತ್ತಿದ್ದ. ಅವಳು ಮನೆಯಲ್ಲೇ ಮಷಿನ್ ಇಟ್ಟುಕೊಂಡು ಓಣಿಯ ಹೆಂಗಸರಿಗೆಲ್ಲ ಕುಪ್ಪಸ ಹೊಲಿಯುತ್ತಿದ್ದಳು. ಗೌಡರ ನಿಯಮವನ್ನು ಅವಳು ಎಷ್ಟು ಬಿಗಿಯಾಗಿ ಪಾಲಿಸುತ್ತಿದ್ದಳೆಂದರೆ, ಹಬ್ಬಕ್ಕೂ ಮಸ್ಕಿಯ ತಮ್ಮನ ಮನೆಗೆ ಹೋಗಿ ಉಂಡು ಬರುತ್ತಿದ್ದಳು. ನನ್ನ ನಿಜವಾದ ಹೆಸರು, ನಮ್ಮ ಕೇರಿ, ನಮ್ಮ ಊಟ — ಸಿಂಧನೂರಿನಲ್ಲಿ ನಾನು ಬಾಯಿಬಿಟ್ಟು ಹೇಳಿಕೊಂಡದ್ದು ಅವಳೊಬ್ಬಳಿಗೇ. ಒಮ್ಮೆ ಮಾತಿನ ನಡುವೆ, ಸಣ್ಣವಳಿದ್ದಾಗ ಅವ್ವ ಒಣಗಿಸಿಟ್ಟ ದೊಡ್ಡ ಮಾಂಸದ, ಅಂದರೆ ದನದ ಮಾಂಸದ, ಸಾರಿನ ನೆನಪಾಗಿ ನಾಲಿಗೆ ಜಾರಿತು. ಅವಳು ಹೊಲಿಗೆ ನಿಲ್ಲಿಸಿ ನಕ್ಕಳು. “ನೀ ನಮ್ಮಕಿನ ಬಿಡು” ಎಂದಳು.

ಇನ್ನು ಆ ಹಾಳು ವಿಡಿಯೋದ ಮಾತು. ನನ್ನ ಮಗಳು ಸ್ನೇಹಾ ಮೊಬೈಲಿನಲ್ಲಿ ನೋಡಿದ್ದು. ಯಾರೋ ಒಬ್ಬಳು ನಮ್ಮ ಇಡೀ ಮನೆಯಷ್ಟು ದೊಡ್ಡ ಅಡುಗೆಮನೆಯಲ್ಲಿ ನಿಂತು, ಬೀಫ್ ಖೀಮಾವನ್ನು ಬೆಳ್ಳುಳ್ಳಿ, ಶುಂಠಿ, ಸೋಯಾ ಸಾಸ್ ಹಾಕಿ ಹುರಿದು, ಲೆಟ್ಯೂಸ್ ಎಂಬ ಹಸಿರು ಎಲೆಯಲ್ಲಿ ಸುತ್ತಿ ತಿನ್ನುತ್ತಾಳೆ. ಚೀನಾ ಕಡೆಯ ರುಚಿಯಂತೆ. ದುಡಿದು ಬಂದ ಹೆಂಗಸರಿಗೆ ತೀರ ಸುಲಭವಂತೆ, ಅರ್ಧ ತಾಸಿನ ಕೆಲಸವಂತೆ! “ಮಮ್ಮಿ, ಇದನ್ನ ಮಾಡು. ನೀನ ಅಂತೀಯಲ್ಲ, ಅಡಿಗಿ ಮಾಡಾಕ ಟೈಮಿಲ್ಲ ಅಂತ” — ವಾರವಿಡೀ ಅದೇ ರಾಗ. ಗದರಿದೆ, ಬೈದೆ. ಆದರೆ ನಿಜ ಹೇಳಬೇಕೆಂದರೆ, ಆ ಬಾಣಲೆಯಲ್ಲಿ ಹುರಿಯುತ್ತಿದ್ದ ಮಾಂಸ ನೋಡಿ ನನ್ನ ಬಾಯಲ್ಲೇ ನೀರು ಬಂದಿತ್ತು. ವರ್ಷಗಟ್ಟಲೆ ಬೇಳೆ ಸಾರು ಉಂಡ ಬಾಯಿ ಅದು.

ಮಸ್ಕಿಗೆ ಹೊರಟಿದ್ದ ಶಮೀಮಕ್ಕನಿಗೆ ಖೀಮಾ ತಂದುಕೊಡು ಎಂದು ನಾನೇ ಹೇಳಿದೆ. ಅವಳು ಒಪ್ಪಲಿಲ್ಲ.

“ಬ್ಯಾಡ ದ್ಯಾವಿ. ಗೌಡ್ರಿಗೆ ಗೊತ್ತಾದ್ರ ಇಬ್ಬರಿಗೂ ತ್ರಾಸ.”

“ಒಂದ ಸಲ ಅಕ್ಕಾ. ಕಿಟಕಿ ಹಾಕ್ಕೊಂಡು ಮಾಡತೀನಿ. ಅರ್ಧ ತಾಸಿನ್ಯಾಗ ಮುಗೀತತಿ.”

ತಂದುಕೊಟ್ಟಳು. ಎಮ್ಮೆಯದು, ಮಸ್ಕಿಯಲ್ಲಿ ಸಣ್ಣಗೆ ಕೊಚ್ಚಿಸಿದ್ದು. ಕೊಡುವಾಗ ಬೆರಳೆತ್ತಿ, “ನನ್ನ ಮನ್ಯಾಗಂತೂ ಇದನ್ನ ಇಡಂಗಿಲ್ಲ, ಈಗ ತಗೊಂಡು ಹೋಗು” ಎಂದಿದ್ದಳು.

ಅರ್ಧ ತಾಸು! ಆ ವಿಡಿಯೋದವಳು ಸಿಂಧನೂರಿನ ಕಾಯಿಪಲ್ಯ ಬಜಾರಿಗೆ ಬಂದು ಲೆಟ್ಯೂಸ್ ಹುಡುಕಬೇಕಿತ್ತು. ಡ್ಯೂಟಿ ಮುಗಿಸಿ, ಯೂನಿಫಾರ್ಮಿನಲ್ಲೇ ಒಂದೊಂದು ಅಂಗಡಿ ಸುತ್ತಿದೆ. “ಅದೇನ್ ಹಂಗಂದ್ರ? ಪತ್ತಾಗೋಬಿ ಐತಿ, ಒಯ್ಯಕ್ಕ” ಎಂದ ಒಬ್ಬ. ಕ್ಯಾಬೀಜೇ ಗತಿಯಾಯಿತು. ಸೋಯಾ ಸಾಸನ್ನು ಗೋಬಿ ಮಂಚೂರಿ ಬಂಡಿಯವನ ಹತ್ತಿರ ಕಾಡಿ ಬೇಡಿ ಸಣ್ಣ ಬಾಟಲಿಗೆ ಹಾಕಿಸಿಕೊಂಡೆ. ಮನೆಗೆ ಬಂದರೆ ಗಂಡ ಕಾಲು ಚಾಚಿ ಕೂತಿದ್ದ. ಕ್ಯಾಬೀಜಿನ ಎಲೆ ಬಿಡಿಸಲು ಹೋದರೆ ಒಂದೂ ಇಡಿಯಾಗಿ ಬರಲಿಲ್ಲ. ಬಂದದ್ದು ಮಡಚಿದರೆ ಪಟ್ಟನೆ ಸೀಳಿತು. ಬಿಸಿನೀರಿಗೆ ಹಾಕಿ ಮೆತ್ತಗೆ ಮಾಡಿಕೊಂಡೆ. ಒಲೆಯ ಮೇಲೆ ಖೀಮಾ ನೀರು ಬಿಟ್ಟುಕೊಂಡು ಕುದಿಯುತ್ತಿತ್ತೇ ಹೊರತು ಹುರಿಯುತ್ತಿರಲಿಲ್ಲ. ಹೊಗೆ ತುಂಬಿ ಕೆಮ್ಮು ಹತ್ತಿತು. ಸಿಟ್ಟಿನಲ್ಲಿ ಕಿಟಕಿ ತೆಗೆದೆ.

ಕಿಟಕಿ ತೆಗೆದದ್ದು ನಾನೇ. ಅದನ್ನೂ ಹೇಳಿಬಿಡಬೇಕು.

ಮಾಂಸ ಹುರಿದು ಕಂಪು ಏಳುವ ಹೊತ್ತಿಗೆ ಮೆಟ್ಟಿಲ ಮೇಲೆ ಗೌಡರ ಚಪ್ಪಲಿ ಸದ್ದು. ಬಾಣಲೆಯ ಮೇಲೆ ತಾಟು ಮುಚ್ಚಿ, ಕೈಗೆ ಸಿಕ್ಕ ಕ್ಯಾಬೀಜ ಹಿಡಿದು ಬಾಗಿಲಿಗೆ ಬಂದೆ. ಒಳಗೆ ಬರಲು ಬಿಡಬಾರದು — ತಲೆಯಲ್ಲಿದ್ದದ್ದು ಅದೊಂದೇ.

“ಯಾರ ಮನ್ಯಾಗ ಇದು ವಾಸ್ನಿ?” ಗೌಡರು ಮೂಗಿಗೆ ಟವೆಲ್ ಹಿಡಿದಿದ್ದರು.

“ನಮ್ಮನ್ಯಾಗ ಕ್ಯಾಬೀಜ ಪಲ್ಯಾ ರೀ ಗೌಡ್ರ,” ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಗೋಡೆಯ ಕಡೆ ಕೈ ತೋರಿಸಿ, “ಆ ಕಡಿಂದ ಬರಾಕತ್ತೈತಿ” ಎಂದೆ.

ಯಾರೂ ನನ್ನ ಬಾಯಿಂದ ಅದನ್ನು ಎಳೆದು ಹೇಳಿಸಲಿಲ್ಲ. ಅಷ್ಟು ಸಲೀಸಾಗಿ ಬಂತು.

ಗೌಡರು ಪಕ್ಕದ ಬಾಗಿಲು ಬಡಿದರು. ಶಮೀಮಕ್ಕ ಕೊರಳಲ್ಲಿ ಟೇಪು ಹಾಕಿಕೊಂಡೇ ಹೊರಗೆ ಬಂದಳು. ಗೌಡರ ಹೆಗಲಾಚೆ ನನ್ನನ್ನು ನೋಡಿದಳು. ನನ್ನ ಕೈಲಿದ್ದ ಕ್ಯಾಬೀಜ ನೋಡಿದಳು. ಗೌಡರು ಕೂಗಾಡುತ್ತಿದ್ದರು — “ಮೊದಲ ಹೇಳಿದ್ದೆ ಇಲ್ಲ? ನಂಬಿ ಮನಿ ಕೊಟ್ರ ಹಿಂಗ ಮಾಡೂದೇನು?” ಅವಳು ಒಂದೇ ಒಂದು ಮಾತು ಆಡಿದ್ದರೆ ನಾವು ಬೀದಿಯಲ್ಲಿರುತ್ತಿದ್ದೆವು. ಅವಳು ಆಡಲಿಲ್ಲ.

“ತಪ್ಪಾತ್ರಿ ಗೌಡ್ರ,” ಎಂದಳು.

ಆಮೇಲೆ ನಾವು ಉಂಡೆವು. ಹೌದು, ಉಂಡೆವು. ಎಲೆ ಹರಿದು ಖೀಮಾ ಎಲ್ಲ ತಾಟಿಗೆ ಸುರಿಯಿತು. ಸಾಸ್ ಹೆಚ್ಚಾಗಿ ಬಾಯಿಗಿಡಲಾರದಷ್ಟು ಉಪ್ಪು. “ವಿಡಿಯೋದಾಗ ಹಿಂಗಿದ್ದಿಲ್ಲ” ಎಂದು ಸ್ನೇಹಾ ಮೂತಿ ತಿರುಗಿಸಿದಳು. ಗಂಡ ರೊಟ್ಟಿ ಕೇಳಿದ. ಇಷ್ಟಕ್ಕಾಗಿ! ಇಷ್ಟರ ಸಲುವಾಗಿ ನಾನು —

ತಿಂಗಳು ತುಂಬುವ ಮೊದಲೇ ಗೌಡರು ಶಮೀಮಕ್ಕನವರನ್ನು ಮನೆ ಬಿಡಿಸಿದರು, ಅವರು ಮಸ್ಕಿಗೆ ಹೋದರು. ಅಷ್ಟರಲ್ಲಿ ಓಣಿಯಲ್ಲಿ ಮಾತು ಬೆಳೆದು, ಆಕಳ ಮಾಂಸವೆಂದೇ ಆಗಿತ್ತು. ಹೆಂಗಸರು ಒಬ್ಬೊಬ್ಬರಾಗಿ ಹೊಲಿಯಲು ಕೊಟ್ಟ ಬಟ್ಟೆ ವಾಪಸು ಒಯ್ದರು. ಖಾಜಾಸಾಬನ ಗ್ಯಾರೇಜು ಕೆಲಸ ತಪ್ಪಿತು. ಮಗಳು ವರ್ಷದ ನಡುವೆ ಶಾಲೆ ಬಿಡಬೇಕಾಯಿತು. ಗೂಡ್ಸ್ ಗಾಡಿಗೆ ಅವರ ಪಾತ್ರೆ ಪಗಡ ಏರಿಸಲು ನಾನೂ ಕೈ ಹಚ್ಚಿದೆ — ಎಂಥ ನಾಚಿಕೆಗೇಡು! ಅದನ್ನು ನೋಡಿ ಗೌಡರು, “ಬಾಡಿಗಿದಾರರು ಅಂದ್ರ ನಿಮ್ಮಂಥವ್ರಿರಬೇಕು ನೋಡಮ್ಮ” ಎಂದರು. ಮುಂದಿನ ಹಬ್ಬಕ್ಕೆ ಮೇಲಿನ ಮನೆಯಿಂದ ನಮಗೆ ಹೋಳಿಗೆ ಬಂತು. ಅದನ್ನೂ ತಿಂದೆವು.

ವರ್ಷಗಳು ಹೋದವು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಒಂದು ದಿನ ಮಸ್ಕಿಯಲ್ಲಿ ಅವಳು ನನ್ನದೇ ಬಸ್ಸು ಹತ್ತಿದಳು. ಆಧಾರ ಕಾರ್ಡು ಮುಂದೆ ಹಿಡಿದ ಕೈ ನೋಡಿದ ಮೇಲೆಯೇ ಮುಖ ನೋಡಿದ್ದು. “ಸ್ನೇಹಾ ಹೆಂಗದಾಳ?” ಎಂದಳು. “ಅದಾಳಕ್ಕಾ” ಎಂದು ಟಿಕೆಟ್ ಕೊಟ್ಟು, “ಮುಂದ ಸರೀರಿ, ಮುಂದ ಸರೀರಿ” ಎಂದು ಜನರ ಮೇಲೆ ಅರಚುತ್ತ ಹಿಂದಕ್ಕೆ ಹೋದೆ. ಲಿಂಗಸುಗೂರಿನವರೆಗೂ ಅವಳ ಸೀಟಿನ ಕಡೆ ತಿರುಗಲಿಲ್ಲ.

ಆಗಲೂ ನನಗೊಂದು ಸಮಾಧಾನವಿತ್ತು: ಅವಳು ಬೇಕೆಂದೇ ನನ್ನನ್ನು ಉಳಿಸಿದಳು, ನನ್ನ ಮೇಲಿನ ಪ್ರೀತಿಯಿಂದ ಸುಮ್ಮನಿದ್ದಳು ಎಂಬ ಸಮಾಧಾನ. ಅದನ್ನು ಅಪ್ಪಿಕೊಂಡೇ ಇಷ್ಟು ವರ್ಷ ನಿದ್ದೆ ಮಾಡಿದೆ.

ಈಚೆಗೆ ಪಕ್ಕದ ಮನೆ ಮತ್ತೆ ಖಾಲಿಯಾಯಿತು. ಬಾಡಿಗೆ ಕೇಳಿಕೊಂಡು ಒಂದು ಮುಸ್ಲಿಂ ಸಂಸಾರ ಬಂತು. ಸಣ್ಣ ಕೂಸು ಎತ್ತಿಕೊಂಡ ಹುಡುಗಿ, ಅವಳ ಗಂಡ. ಗೌಡರು ಅವರನ್ನು ಗೇಟಿನಲ್ಲೇ ನಿಲ್ಲಿಸಿ, ನನ್ನ ಕಡೆ ತಿರುಗಿ, “ಒಮ್ಮಿ ಕೊಟ್ಟು ನೋಡೀವಲ್ಲ. ಅವತ್ತು ನೀನ ಹೇಳಿದ್ದಿ, ಹೌದಿಲ್ಲೋ?” ಎಂದು ಸಾಕ್ಷಿ ಕೇಳಿದರು. ನನ್ನ ಸುಳ್ಳಿಗೆ ಇನ್ನೂ ಕೆಲಸವಿತ್ತು.

“ಗೌಡ್ರ, ಅವತ್ತು ಮಾಂಸ ಮಾಡಿದ್ದು ನಾನು. ಶಮೀಮಕ್ಕ ಅಲ್ಲ.”

ಗೌಡರು ನಕ್ಕರು! “ಯಾರನ್ನೋ ಉಳಸಾಕ ಹೋಗಿ ನಿನ್ನ ಮ್ಯಾಲ ಹಾಕ್ಕೋಬ್ಯಾಡ ತಂಗಿ. ನಿನ್ನ ಮನಸ್ಸು ದೊಡ್ಡದು, ನನಗ ಗೊತ್ತೈತಿ.”

ತಲೆ ಚಚ್ಚಿಕೊಳ್ಳಬೇಕೆನಿಸಿತು. ಸುಳ್ಳು ಹೇಳಿದಾಗ ಒಂದೇ ಮಾತಿಗೆ ನಂಬಿದ ಮನುಷ್ಯ, ನಿಜ ಹೇಳಿದರೆ ನಗುತ್ತಾನೆ. “ನಾನ ಮಾಡಿದ್ದು ರೀ” ಎಂದು ಮತ್ತೆ ಮತ್ತೆ ಹೇಳಿದೆ. ಅವರು ತಲೆಯಾಡಿಸುತ್ತಲೇ ಇದ್ದರು. ಕಡೆಗೆ, “ನಾವು ಮಾದಿಗ್ರು ರೀ ಗೌಡ್ರ. ನನ್ನ ಹೆಸರು ದ್ಯಾವಮ್ಮ” ಎಂದೆ.

ಆಗ ನಂಬಿದರು. ಮೆಟ್ಟಿಲು ಹತ್ತಿಹೋದರು. ಮನೆ ಬಿಡಬೇಕೆಂಬ ಮಾತು ಸಂಜೆ ಅವರ ಹೆಂಡತಿಯ ಬಾಯಿಂದ ಬಂತು. ಕೂಸಿನ ಹುಡುಗಿಗೂ ಮನೆ ಸಿಗಲಿಲ್ಲ. “ಈಗ ಯಾಕ ಬೇಕಾಗಿತ್ತು ನಿನಗ ಈ ಉಸಾಬರಿ?” ಎಂದು ಗಂಡ ಕೂಗಾಡಿದ. ಅವತ್ತು ಅವನೂ ಮನೆಯಲ್ಲಿದ್ದ, ಎಲ್ಲ ಕೇಳಿಸಿಕೊಂಡಿದ್ದ.

ರಜೆಯ ದಿನ ಮಸ್ಕಿಗೆ ಹೋದೆ. ಶಮೀಮಕ್ಕ ಅಂಗಳದಲ್ಲಿ ಮಷಿನ್ ತುಳಿಯುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಗೌಡರಿಗೆ ಹೇಳಿದ್ದನ್ನೂ ಹೇಳಿದೆ. ಕೊನೆಗೆ, “ನನ್ನ ಸಲುವಾಗಿ ನೀ ತಪ್ಪು ಒಪ್ಪಿಕೊಂಡಿ ಅಕ್ಕಾ, ನಾ ಮಾತ್ರ —” ಎಂದು ಅಳಲು ಶುರುಮಾಡಿದೆ.

ಅವಳು ಮಷಿನ್ ನಿಲ್ಲಿಸಿದಳು.

“ನಿನ್ನ ಸಲುವಾಗಿ ಯಾಕ ಒಪ್ಪಿಕೊಳ್ಳಲಿ? ನಾ ಅಲ್ಲ ಅಂದಿದ್ರ ಗೌಡ್ರು ನಂಬತಿದ್ರೇನು? ಇಲ್ಲ ಇಲ್ಲ ಅಂದಷ್ಟೂ ಮಂದಿ ಕೂಡತಿದ್ರು. ಮನ್ಯಾಗ ಮಗಳಿದ್ಲು. ಅದಕ್ಕ ತಪ್ಪಾತು ಅಂದೆ.”

ಅವಳು ಹೊಲಿಗೆಯ ದಾರ ಕಡಿದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. “ಆ ಓಣ್ಯಾಗಿನ ಹೆಂಗಸ್ರಿಗೆ ಹೇಳೀಯೇನು?” ಎಂದು ಕೇಳಿದಳು.

“ಇಲ್ಲ.”

“ಹೂಂ,” ಎಂದು ಮತ್ತೆ ಮಷಿನ್ ತುಳಿಯತೊಡಗಿದಳು.

ನಾವೀಗ ಊರ ಹೊರಗಿನ ಬೇರೊಂದು ಮನೆಯಲ್ಲಿದ್ದೇವೆ. ಹೆಸರು, ಪೈಕಿ ಎಲ್ಲ ಹೇಳಿಯೇ ಹಿಡಿದದ್ದು. ಡ್ಯೂಟಿ ಮುಗಿದ ಮೇಲೆ ಹಳೆಯ ಓಣಿಗೆ ಹೋಗಿ ಒಂದೊಂದು ಬಾಗಿಲು ಬಡಿಯುತ್ತಿದ್ದೇನೆ. ಎದುರು ಮನೆಯ ಟೀಚರಮ್ಮ, “ಹಳೇದೆಲ್ಲ ಯಾಕವ್ವ ಈಗ?” ಎಂದು ಟಿವಿ ಕಡೆ ತಿರುಗಿದರು. ಅಂಗಡಿಯವನ ಹೆಂಡತಿ ನಾನು ಯಾರೆಂದು ತಿಳಿದ ಮೇಲೆ ಬಾಗಿಲೇ ತೆಗೆಯಲಿಲ್ಲ. ಹೊರಗೆ ನಿಂತು, ಒಳಗೆ ಕೇಳಿಸುವಂತೆ ಗಟ್ಟಿಯಾಗಿ ಹೇಳಿ ಬಂದೆ. ನಾಳೆಯೂ ಹೋಗುತ್ತೇನೆ. ಆ ಓಣಿಯಲ್ಲಿ ಇನ್ನೂ ಮನೆಗಳಿವೆ.